ಪಾಯಿಂಟ್ ಮಾಡಿದ ನಾಯಿಯ ಹತ್ತಿರ ಹೋಗುವುದು ಹೇಗೆ? ಜೂನಿಯರ್ ಹಂಟರ್ ಪರೀಕ್ಷೆಗೆ ಹನ್ನೆರಡು ವಾರದ ತಯಾರಿ

ಪ್ರಶ್ನೆ: ನಮ್ಮಲ್ಲಿ ಒಂಬತ್ತು ತಿಂಗಳ ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್ ಹೆಣ್ಣು ನಾಯಿ ಇದೆ. ಇನ್ನು ಹನ್ನೆರಡು ವಾರಕ್ಕೆ ಇಲ್ಲಿ ಅಮೆರಿಕನ್ ಕೆನಲ್ ಕ್ಲಬ್‌ನ (ಎಕೆಸಿ) ಜೂನಿಯರ್ ಹಂಟರ್ ಪರೀಕ್ಷೆ, ಅಂದರೆ ಹಕ್ಕಿ ಬೇಟೆಯ ನಾಯಿಗಳಿಗೆ ಮೊದಲ ಹಂತದ ಪರೀಕ್ಷೆ. ಕರೆದರೆ ಬರುತ್ತಾಳೆ, ಅಂಗಳದಲ್ಲಿ ‘ವೋ’ ಅಂದರೆ ನಿಲ್ಲುತ್ತಾಳೆ. ಬಯಲಿಗೆ ಹೋದರೆ ಕಥೆಯೇ ಬೇರೆ. ಹಕ್ಕಿಯ ವಾಸನೆ ಹಿಡಿದು ಎರಡು ಮೂರು ಕ್ಷಣ ಚೆನ್ನಾಗಿ ಪಾಯಿಂಟ್ ಮಾಡುತ್ತಾಳೆ, ಅಂದರೆ ಹಕ್ಕಿಯತ್ತ ಮೂಗು ಮಾಡಿ ಅಲುಗದೆ ನಿಲ್ಲುತ್ತಾಳೆ. ನಾನು ಹತ್ತಿರ ಹೋಗುವಷ್ಟರಲ್ಲಿ ನುಗ್ಗಿ ಹಾರಿಸಿಬಿಡುತ್ತಾಳೆ. ‘ವೋ, ವೋ’ ಎಂದು ಎಷ್ಟು ಕೂಗಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಗುಂಡಿನ ಸದ್ದನ್ನು ಅವಳು ಇನ್ನೂ ಕೇಳಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಕೂಗುವುದನ್ನು ನಿಲ್ಲಿಸುವುದರಿಂದ ಶುರು ಮಾಡಿ. ಕಾರಣ ಮುಂದೆ ಬರುತ್ತದೆ. ಅದಕ್ಕೂ ಮೊದಲು ಪರೀಕ್ಷೆ ಏನು ಕೇಳುತ್ತದೆ, ಏನು ಕೇಳುವುದಿಲ್ಲ ಎಂಬುದು ಸ್ಪಷ್ಟವಾಗಬೇಕು. ಅದು ತಿಳಿಯದೆ ಬೇಡದ ಪಾಠಕ್ಕೆ ಹನ್ನೆರಡು ವಾರ ಸುರಿದವರು ಬಹಳ.

ಜೂನಿಯರ್ ಮಟ್ಟದಲ್ಲಿ ಜಡ್ಜ್‌ಗಳು ನಾಲ್ಕು ವಿಷಯಕ್ಕೆ ಅಂಕ ಹಾಕುತ್ತಾರೆ: ಹುಡುಕಾಟದ ಹುರುಪು, ಹಕ್ಕಿ ಪತ್ತೆ ಮಾಡುವ ಶಕ್ತಿ, ಪಾಯಿಂಟ್, ಮತ್ತು ಹೇಳಿದ್ದನ್ನು ಕಲಿತು ಕೇಳುವ ಗುಣ. ಒಂದೊಂದಕ್ಕೂ 10 ಅಂಕ. ಯಾವುದರಲ್ಲೂ 5ಕ್ಕಿಂತ ಕೆಳಗಿಳಿಯಬಾರದು, ಒಟ್ಟು ಸರಾಸರಿ 7 ಇರಬೇಕು. ಅಂದರೆ 10, 10, 9 ತೆಗೆದುಕೊಂಡ ನಾಯಿ ನಾಲ್ಕನೆಯದರಲ್ಲಿ 4 ಪಡೆದರೆ ಫೇಲು. ನಾಲ್ಕರಲ್ಲೂ 7 ತೆಗೆದುಕೊಂಡ ಸಾಧಾರಣ ನಾಯಿ ಪಾಸು. ಹೀಗೆ ನಾಲ್ಕು ಪರೀಕ್ಷೆ ಪಾಸಾದರೆ ಬಿರುದು. ಇದು ನಾಯಿ ನಾಯಿಗಳ ನಡುವಿನ ಪಂದ್ಯವಲ್ಲ. ಜೊತೆಯಲ್ಲಿ ಓಡುವ ನಾಯಿ ಎಷ್ಟೇ ಚೆನ್ನಾಗಿ ಮಾಡಿದರೂ ನಿಮ್ಮದರ ಅಂಕ ಕಡಿಮೆಯಾಗುವುದಿಲ್ಲ.

ಇನ್ನು ಕೇಳದೇ ಇರುವ ವಿಷಯ. ಹಕ್ಕಿ ಹಾರಿದ ಮೇಲೆ ನಾಯಿ ಅಲುಗದೆ ನಿಲ್ಲಬೇಕಾಗಿಲ್ಲ, ಅಟ್ಟಿಸಿಕೊಂಡು ಹೋಗಬಹುದು. ಇನ್ನೊಂದು ನಾಯಿ ಪಾಯಿಂಟ್ ಮಾಡಿದಾಗ ಅದನ್ನು ಮನ್ನಿಸಿ ಹಿಂದೆ ನಿಲ್ಲಬೇಕಾಗಿಲ್ಲ. ಹಕ್ಕಿಯನ್ನು ಕಚ್ಚಿ ತರಬೇಕಾಗಿಲ್ಲ, ಏಕೆಂದರೆ ಈ ಮಟ್ಟದಲ್ಲಿ ಹಕ್ಕಿ ಹೊಡೆಯುವುದೇ ಇಲ್ಲ. ಹಾರಿದ ಮೇಲೆ ನೀವು ಬ್ಲಾಂಕ್ ಪಿಸ್ತೂಲಿನಿಂದ (ಗುಂಡಿಲ್ಲದೆ ಸದ್ದು ಮಾತ್ರ ಮಾಡುವ ಪಿಸ್ತೂಲು) ಒಂದು ಸದ್ದು ಮಾಡಬೇಕು, ಅಷ್ಟೆ. ಅಲುಗದೆ ನಿಲ್ಲುವುದು, ಮನ್ನಿಸುವುದು, ಕಚ್ಚಿ ತರುವುದು ಇವೆಲ್ಲ ಮುಂದಿನ ಸೀನಿಯರ್, ಮಾಸ್ಟರ್ ಮಟ್ಟದ ಪಾಠಗಳು. ಈಗಲೇ ತುರುಕಿದರೆ ಎಳೆ ನಾಯಿಯ ಹುರುಪು ಬಾಡುತ್ತದೆ, ಅದರ ಜೊತೆಗೆ ಮೊದಲ ಎರಡು ವಿಷಯದ ಅಂಕವೂ ಹೋಗುತ್ತದೆ.

ಉಳಿದದ್ದು ಒಂದೇ ಒಂದು ಕಠಿಣ ಬೇಡಿಕೆ: ನಾಯಿ ಪಾಯಿಂಟ್ ಮಾಡಿದ ಮೇಲೆ ನೀವು ಬಂದೂಕಿನ ಗುಂಡು ಸಹಜವಾಗಿ ತಲುಪುವ ದೂರದೊಳಗೆ ಬರುವವರೆಗೆ ಅದು ಹಾಗೆಯೇ ನಿಂತಿರಬೇಕು. ತಯಾರಿಗೆ ಆ ದೂರವನ್ನು 20ರಿಂದ 30 ಗಜ ಎಂದಿಟ್ಟುಕೊಳ್ಳಿ. ಕ್ಷಣಮಾತ್ರ ನಿಂತು ನುಗ್ಗಿದ್ದು ಲೆಕ್ಕಕ್ಕಿಲ್ಲ. ನಿಮ್ಮ ನಾಯಿ ಎಡವುತ್ತಿರುವುದು ಇಲ್ಲಿಯೇ, ಹೆಚ್ಚಿನ ಹೊಸಬರ ನಾಯಿಗಳೂ ಇಲ್ಲಿಯೇ.

ಪಾಯಿಂಟ್ ಮಾಡುವುದನ್ನು ಯಾರೂ ನಾಯಿಗೆ ಕಲಿಸಲಾರರು. ಬೇಟೆಯ ಮೇಲೆ ಎರಗುವ ಮುನ್ನ ಪ್ರಾಣಿ ಒಂದು ಗಳಿಗೆ ಮೈ ಬಿಗಿಹಿಡಿದು ನಿಲ್ಲುತ್ತದಲ್ಲ, ಆ ಗಳಿಗೆಯನ್ನೇ ತಲೆಮಾರುಗಳ ಆಯ್ಕೆಯಿಂದ ಹಿಗ್ಗಿಸಿದ್ದಾರೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತೇವೆ, ಆದರೆ ಇದನ್ನು ಕೆಡಿಸಲು ಮಾತ್ರ ಸಾಧ್ಯ. ನಿಮ್ಮ ನಾಯಿ ಎರಡು ಮೂರು ಕ್ಷಣ ನಿಲ್ಲುತ್ತಾಳೆ ಎಂದರೆ ಗುಣ ಇದೆ. ಆಮೇಲೆ ನುಗ್ಗುವುದು ಎರಡು ಕಾರಣಕ್ಕೆ. ಒಂದು, ನುಗ್ಗಿದಾಗ ಎಂದೋ ಒಮ್ಮೆ ಹಕ್ಕಿ ಬಾಯಿಗೆ ಸಿಕ್ಕಿರುತ್ತದೆ, ಅಥವಾ ಇನ್ನೇನು ಸಿಕ್ಕಿತು ಅನ್ನುವಷ್ಟು ಹತ್ತಿರ ಬಂದಿರುತ್ತದೆ. ಸಾಕಿದ ಲಾವಕ್ಕಿ ತಂದು, ಒದ್ದೆ ಹುಲ್ಲಿನಲ್ಲಿ ಬಿಟ್ಟು, ಅದು ಹಾರಲಾರದೆ ಕುಪ್ಪಳಿಸುವಾಗ ನಾಯಿ ಹಿಡಿದರೆ ಆಗುವುದು ಇದೇ. ಹಾಗೆ ಹಿಡಿದ ಒಂದು ಹಕ್ಕಿ ಹತ್ತು ದಿನದ ಪಾಠವನ್ನು ನುಂಗಿಹಾಕುತ್ತದೆ. ಎರಡು, ನೀವು ಬರುವುದೇ ಅವಳಿಗೆ ಒತ್ತಡ. ಹಿಂದಿನಿಂದ ದಡದಡ ಹೆಜ್ಜೆ, ಮೇಲೆ ‘ವೋ ವೋ’ ಎಂಬ ಆತಂಕದ ದನಿ: ಹಕ್ಕಿ ಕೈತಪ್ಪುತ್ತಿದೆ, ಬೇಗ ಹಿಡಿ ಎಂದು ಹೇಳಿದಂತೆಯೇ ಅವಳಿಗೆ ಕೇಳುತ್ತದೆ. ಅದೂ ಅಲ್ಲದೆ ‘ವೋ’ ಮತ್ತು ‘ನೋ’ ನಾಯಿಯ ಕಿವಿಗೆ ಹೆಚ್ಚುಕಡಿಮೆ ಒಂದೇ. ಮನೆಯಲ್ಲಿ ‘ನೋ’ ಎಂದು ಗದರಿಸುವ ಅಭ್ಯಾಸವಿದ್ದರೆ, ಹಕ್ಕಿಯ ಮುಂದೆ ನಿಂತಿರುವಾಗ ಬೈಸಿಕೊಂಡೆ ಎಂದೇ ಅವಳು ತಿಳಿಯಬಹುದು. ಮನೆಯ ಗದರಿಕೆಗೆ ಬೇರೆ ಪದ ಇಟ್ಟುಕೊಳ್ಳಿ.

ಹಾಗಾಗಿ ಮೊದಲ ಆರು ವಾರ ಹಕ್ಕಿಯೇ ಗುರು. ನಿಮ್ಮ ಬಾಯಿಗೆ ರಜೆ.

ಬೇಕಾದ್ದು: ರಿಮೋಟ್‌ನಿಂದ ತೆರೆಯುವ ಎರಡು ಹಕ್ಕಿ ಲಾಂಚರ್ (ಒಳಗಿಟ್ಟ ಹಕ್ಕಿಯನ್ನು ಸ್ಪ್ರಿಂಗಿನಿಂದ ಮೇಲಕ್ಕೆ ಚಿಮ್ಮಿಸುವ ಪೆಟ್ಟಿಗೆ), ಗಟ್ಟಿಯಾಗಿ ಹಾರುವ ಪಾರಿವಾಳಗಳು (ಗೂಡಿಗೆ ಮರಳುವ ಹೋಮಿಂಗ್ ಪಾರಿವಾಳವಾದರೆ ಅವೇ ಹಕ್ಕಿಗಳು ಮತ್ತೆ ಮತ್ತೆ ಬಳಕೆಗೆ ಬರುತ್ತವೆ), 25ರಿಂದ 30 ಅಡಿಯ ಚೆಕ್ ಕಾರ್ಡ್ (ನಾಯಿಯ ಕಾಲರಿಗೆ ಕಟ್ಟುವ ಉದ್ದನೆಯ ತರಬೇತಿ ಹಗ್ಗ), ಒಬ್ಬ ಸಹಾಯಕ. ಹಗ್ಗ ಹುಲ್ಲಿಗೆ ಸುತ್ತಿಕೊಳ್ಳದಂತೆ ಸ್ವಲ್ಪ ಬಿರುಸಾಗಿರಬೇಕು, ತುದಿಯಲ್ಲಿ ಗಂಟು ಇರಬಾರದು. ಕೈಗವಸು ಹಾಕಿಕೊಳ್ಳಿ, ಓಡುವ ನಾಯಿಯ ಹಗ್ಗ ಅಂಗೈ ಸುಡುತ್ತದೆ.

ಲಾಂಚರನ್ನು ಹುಲ್ಲಿನಲ್ಲಿ ಅಡಗಿಸಿಡಿ. ಹಕ್ಕಿಯಿಂದ ಹೊರಟ ವಾಸನೆ ಗಾಳಿ ಹೋಗುವ ಕಡೆಗೆ ಮೊರದಂತೆ ಅಗಲವಾಗುತ್ತಾ ಹರಡುತ್ತದೆ. ನಾಯಿಯನ್ನು ಹಕ್ಕಿಯ ಕಡೆಗೆ ನೇರವಾಗಿ ಕರೆದೊಯ್ದರೆ ಅವಳಿಗೆ ವಾಸನೆ ಇಷ್ಟಿಷ್ಟೇ ಸಿಗುತ್ತದೆ. ತೆವಳುತ್ತಾ ತೆವಳುತ್ತಾ ಹಕ್ಕಿಯ ಮೇಲೆಯೇ ಹೋಗಿ ನಿಲ್ಲುತ್ತಾಳೆ. ಬದಲಿಗೆ ಗಾಳಿಗೆ ಅಡ್ಡಲಾಗಿ ನಡೆಸಿ. ಆಗ ವಾಸನೆ ಗೋಡೆಯಂತೆ ಮೂಗಿಗೆ ಬಡಿಯುತ್ತದೆ. ತಲೆ ಪಕ್ಕಕ್ಕೆ ಸರಕ್ಕನೆ ತಿರುಗುತ್ತದೆ, ಮೈ ಅರ್ಧ ಬಾಗಿದಂತೆಯೇ ನಿಂತುಬಿಡುತ್ತದೆ. ಲಾಂಚರ್ ಅವಳಿಂದ ಕಡಿಮೆಯೆಂದರೆ 15 ಗಜ ದೂರವಿರಲಿ. ಮುಖದ ಹತ್ತಿರ ಸ್ಪ್ರಿಂಗು ಚಟ್ಟೆಂದು ಸಿಡಿದರೆ ಕೆಲವು ನಾಯಿಗಳು ಆಮೇಲೆ ಹಕ್ಕಿಯ ವಾಸನೆ ಬಂದರೂ ಬಾರದಂತೆ ಸುತ್ತಿ ಹೋಗುವುದನ್ನು ಕಲಿಯುತ್ತವೆ. ಆ ದೋಷ ತಿದ್ದಲು ತಿಂಗಳುಗಳು ಬೇಕು. ಆದ್ದರಿಂದ ಮೊದಲ ದಿನ ಖಾಲಿ ಲಾಂಚರನ್ನು ದೂರದಿಂದ ಎರಡು ಮೂರು ಸಲ ಸಿಡಿಸಿ, ಅವಳು ಆಟವಾಡುತ್ತಿರುವಾಗ ಆ ಸದ್ದು ಮಾಮೂಲಾಗಲಿ.

ಈಗ ಪಾಠ. ಪಾಯಿಂಟ್ ಮಾಡಿ ನಿಂತಳು. ನೀವು ಮಾತಾಡಬೇಡಿ, ಹಗ್ಗ ಎಳೆಯಬೇಡಿ. ಅವಳು ಹಕ್ಕಿಯತ್ತ ಒಂದು ಹೆಜ್ಜೆ ಇಟ್ಟಳೋ, ಸಹಾಯಕ ಬಟನ್ ಒತ್ತಬೇಕು. ಪಾರಿವಾಳ ಹೋಯಿತು. ಗುಂಡಿಲ್ಲ, ಹೊಗಳಿಕೆಯಿಲ್ಲ, ಬೈಗುಳವೂ ಇಲ್ಲ. ಹಗ್ಗ ಹಿಡಿದು ನಿಲ್ಲಿಸಿ ಬೇರೆ ಕಡೆ ಕರೆದುಕೊಂಡು ಹೋಗಿ. ಅವಳು ನಿಂತೇ ಇದ್ದರೆ ನೀವು ಐದು ಹೆಜ್ಜೆ ನಡೆಯಿರಿ. ಆಗಲೂ ನಿಂತಿದ್ದರೆ ಹಕ್ಕಿ ಹಾರಿಸಿ, ಹಗ್ಗ ಸಡಿಲ ಬಿಟ್ಟು ಒಂದಷ್ಟು ದೂರ ಅಟ್ಟಿಸಲು ಬಿಡಿ. ಮುಂದಿನ ಸಲ ಹತ್ತು ಹೆಜ್ಜೆ. ಆಮೇಲೆ ಅವಳನ್ನು ದಾಟಿ ಮುಂದೆ ಹೋಗುವಷ್ಟು. ನುಗ್ಗಿದರೆ ಹಕ್ಕಿ ಸುಮ್ಮನೆ ಹೋಗಿಬಿಡುತ್ತದೆ, ನಿಂತರೆ ಯಜಮಾನರು ಬರುತ್ತಾರೆ, ಬಂದ ಮೇಲೆ ಮಜಾ ಶುರುವಾಗುತ್ತದೆ: ಈ ಲೆಕ್ಕ ಬುದ್ಧಿವಂತ ನಾಯಿಗೆ ಎಂಟು ಹತ್ತು ಹಕ್ಕಿಯಲ್ಲಿ ಅರ್ಥವಾಗುತ್ತದೆ.

ಸಹಾಯಕನ ಬೆರಳಿನ ಚುರುಕೇ ಇಲ್ಲಿ ಎಲ್ಲ. ಅವಳು ಮೂರು ಹೆಜ್ಜೆ ಇಟ್ಟ ಮೇಲೆ ಒತ್ತಿದರೆ, ಎರಡು ಹೆಜ್ಜೆ ತೆವಳಬಹುದು ಎಂದು ಕಲಿಸಿದಂತೆ. ವಾರಕ್ಕೆ ಎರಡು ಸಲ, ಸಲಕ್ಕೆ ಎರಡು ಅಥವಾ ಮೂರು ಹಕ್ಕಿ ಸಾಕು, ಇನ್ನೂ ಬೇಕು ಅನ್ನುತ್ತಿರುವಾಗಲೇ ಕಾರಿಗೆ ಹತ್ತಿಸಿ. ಲಾಂಚರ್ ಇಟ್ಟ ಜಾಗವನ್ನು ಪ್ರತಿ ಸಲ ಬದಲಿಸಿ. ಹೋದ ವಾರ ಹಕ್ಕಿ ಸಿಕ್ಕ ಪೊದೆ ಅವಳಿಗೆ ಚೆನ್ನಾಗಿ ನೆನಪಿರುತ್ತದೆ. ಖಾಲಿ ಪೊದೆಗೂ ಪಾಯಿಂಟ್ ಮಾಡಿದರೆ ಮೂಗಿನ ಬದಲು ನೆನಪು ಕೆಲಸ ಮಾಡುತ್ತಿದೆ ಎಂದರ್ಥ.

ನೀವು ನಡೆಯುವ ರೀತಿಗೆ ಬೇರೆಯೇ ಅಭ್ಯಾಸ ಬೇಕು, ಇದನ್ನು ನಾಯಿಯಿಲ್ಲದೆಯೂ ಮಾಡಬಹುದು. ಬೆನ್ನ ಹಿಂದಿನಿಂದ ನೇರ ಹೋಗಬೇಡಿ. ಹಿಂದೆ ಯಾರೋ ಬರುತ್ತಿದ್ದಾರೆ ಎಂದು ಅವಳ ಗಮನ ಒಡೆಯುತ್ತದೆ, ತನಗಿಂತ ಮೊದಲು ನೀವು ಹಕ್ಕಿ ಹಿಡಿದುಬಿಡುತ್ತೀರಿ ಎಂಬ ಪೈಪೋಟಿಯೂ ಹುಟ್ಟುತ್ತದೆ. ಐದಾರು ಗಜ ಪಕ್ಕಕ್ಕೆ ಬಿಟ್ಟು ಬಾಗಿದ ದಾರಿಯಲ್ಲಿ ಬನ್ನಿ, ಅವಳ ಕಣ್ಣಂಚಿಗೆ ನೀವು ಕಾಣುತ್ತಿರಬೇಕು. ವೇಗ ಒಂದೇ ಸಮ ಇರಲಿ. ಹತ್ತಿರವಾದಂತೆ ಹೆಜ್ಜೆ ನಿಧಾನಿಸುವುದು, ಬೆನ್ನು ಬಾಗಿಸುವುದು, ಕೈಯನ್ನು ಕಾಲರಿನತ್ತ ಚಾಚುವುದು ಹೊಸಬರ ಸಹಜ ತಪ್ಪುಗಳು. ನಾಯಿಯ ಭಾಷೆಯಲ್ಲಿ ಅದು ಹೊಂಚು ಹಾಕುವ ಭಂಗಿ. ನೀವು ಹೊಂಚಿದರೆ ಅವಳು ಎರಗುತ್ತಾಳೆ. ಅವಳನ್ನು ದಿಟ್ಟಿಸಿ ನೋಡಬೇಡಿ, ನೆಲವನ್ನೂ ನೋಡಬೇಡಿ; ಹಕ್ಕಿ ಹಾರಿ ಹೋಗುವ ಎತ್ತರದಲ್ಲಿ ಕಣ್ಣಿಟ್ಟು ಹುಲ್ಲನ್ನು ಕಾಲಿನಿಂದ ಒದೆಯುತ್ತಾ ಹೋಗಿ.

ಹಗ್ಗದ ಪಾಠದಲ್ಲಿ ಅವಳು ಗಟ್ಟಿಯಾಗಿ ನಿಂತ ದಿನ ಒಂದು ಕೆಲಸ ಮಾಡಬಹುದು. ಪಕ್ಕದಿಂದ ಬಂದು ಭುಜದಿಂದ ಬೆನ್ನಿನುದ್ದಕ್ಕೂ ಒಮ್ಮೆ ನಿಧಾನವಾಗಿ ಕೈಯಾಡಿಸಿ. ಆಮೇಲೆ ಬಾಲದ ಬುಡಕ್ಕೆ ಎರಡು ಬೆರಳಿಟ್ಟು ಹಕ್ಕಿಯ ಕಡೆಗೆ ಮೆಲ್ಲಗೆ ದೂಡಿ. ದೂಡಿದಷ್ಟೂ ಅವಳು ಹಿಂದಕ್ಕೆ ಒತ್ತುತ್ತಾಳೆ, ತೊಡೆಯ ಸ್ನಾಯು ಕಲ್ಲಿನಂತಾಗುತ್ತದೆ, ಮುಂಗಾಲಿನ ಉಗುರು ಮಣ್ಣಿಗೆ ನಾಟುತ್ತದೆ. ಹಿಂದಕ್ಕೆ ಎಳೆದರೆ ಇದಕ್ಕೆ ತದ್ವಿರುದ್ಧ, ಮುಂದಕ್ಕೆ ಜಗ್ಗುತ್ತಾಳೆ. ಬಿಗಿಹಗ್ಗದಲ್ಲಿ ನಾಯಿಯನ್ನು ಹಿಡಿದುಕೊಂಡು ‘ಪಾಯಿಂಟ್ ಕಲಿಸುತ್ತಿದ್ದೇನೆ’ ಅನ್ನುವವರು ನುಗ್ಗುವುದನ್ನೇ ಕಲಿಸುತ್ತಿರುತ್ತಾರೆ.

ಹಾಗಾದರೆ ‘ವೋ’ ಬೇಡವೇ? ಬೇಕು, ಹಕ್ಕಿಯಿಂದ ದೂರದಲ್ಲಿ. ಅಂಗಳದಲ್ಲಿ, ಊಟದ ಬಟ್ಟಲ ಮುಂದೆ, ಬಾಗಿಲಲ್ಲಿ, ನಡಿಗೆಯ ಮಧ್ಯೆ ದಿನಕ್ಕೆ ಐದು ನಿಮಿಷ. ಒಮ್ಮೆ ಮಾತ್ರ ಹೇಳಬೇಕು. ನಾಲ್ಕು ಸಲ ಹೇಳಿದರೆ ನಾಲ್ಕನೆಯದಕ್ಕೆ ನಿಲ್ಲುವುದನ್ನು ಅವಳು ಕಲಿಯುತ್ತಾಳೆ. ಪರೀಕ್ಷೆಯ ಹೊತ್ತಿಗೆ ಹಕ್ಕಿಯ ಮುಂದೆ ಅಲುಗಾಡುವ ಅನುಮಾನ ಬಂದಾಗ ಒಂದೇ ಒಂದು ಶಾಂತವಾದ ‘ವೋ’ ನಿಮ್ಮ ಜೇಬಿನಲ್ಲಿರಲಿ.

ಇನ್ನು ಗುಂಡು. ಇಲ್ಲಿ ಅವಸರ ಮಾಡಿದರೆ ನಷ್ಟ ಶಾಶ್ವತ. ಗುಂಡಿಗೆ ಹೆದರುವ ನಾಯಿ ಪರೀಕ್ಷೆಯಲ್ಲಿ ಪಾಸಾಗುವಂತಿಲ್ಲ, ಮತ್ತು ಹೆಚ್ಚಿನ ಸಲ ಆ ಹೆದರಿಕೆ ಜನರೇ ಮಾಡಿಕೊಟ್ಟದ್ದು. ಶೂಟಿಂಗ್ ರೇಂಜಿಗೆ ಕರೆದೊಯ್ದು ‘ಅಭ್ಯಾಸವಾಗಲಿ’ ಎಂದು ಕಟ್ಟಿಹಾಕುವುದು, ಪಟಾಕಿ ಹೊಡೆದು ನೋಡುವುದು ಯಾವ ಕಾರಣಕ್ಕೂ ಬೇಡ. ಅವಳು ಹಾರುವ ಹಕ್ಕಿಯನ್ನು ಹುಚ್ಚೆದ್ದು ಅಟ್ಟುವಂತಾದ ಮೇಲೆ, ಅಂದರೆ ಸುಮಾರು ನಾಲ್ಕನೆಯ ವಾರ ಶುರು ಮಾಡಿ. ಸಹಾಯಕ 100 ಗಜ ದೂರ ನಿಲ್ಲಲಿ. ಹಕ್ಕಿ ಹಾರಿ, ಅವಳು ಪೂರ್ತಿ ಓಟದಲ್ಲಿರುವಾಗ .22 ಬ್ಲಾಂಕ್ ಒಂದು. ಅವಳ ಕಿವಿ, ಬಾಲ ನೋಡಿ. ಓಟ ತಪ್ಪದಿದ್ದರೆ ಸರಿ. ಒಂದು ಕ್ಷಣ ತಿರುಗಿ ನೋಡಿ ಮತ್ತೆ ಓಡಿದರೆ ಅದೂ ಸರಿ, ಆದರೆ ದೂರ ಕಡಿಮೆ ಮಾಡಬೇಡಿ. ಓಟ ನಿಲ್ಲಿಸಿ ನಿಮ್ಮ ಕಾಲ ಬಳಿ ಬಂದರೆ ಆ ದಿನದ ಗುಂಡು ಅಲ್ಲಿಗೆ ಮುಗಿಯಿತು. ಸಮಾಧಾನ ಹೇಳಿ ಮುದ್ದಿಸುವುದೂ ಬೇಡ, ಏನೂ ಆಗದವರಂತೆ ಇರಿ, ಎರಡು ವಾರ ಬರೀ ಹಕ್ಕಿ ಕೊಟ್ಟು ಇನ್ನೂ ದೂರದಿಂದ ಮತ್ತೆ ಶುರು ಮಾಡಿ. ಒಂದು ದಿನಕ್ಕೆ ಎರಡಕ್ಕಿಂತ ಹೆಚ್ಚು ಸದ್ದು ಬೇಡ. ಎಲ್ಲ ಚೆನ್ನಾಗಿದ್ದರೆ ಸಲಕ್ಕೆ 20 ಗಜದಂತೆ ಹತ್ತಿರ ಬನ್ನಿ. ಕೊನೆಗೆ ನಿಮ್ಮ ಕೈಯಿಂದಲೇ ಹಾರಿಸಿ. ಪಿಸ್ತೂಲಿನ ಬಾಯಿ ಮೇಲಕ್ಕೆ, ಅವಳಿಂದ ಆಚೆಗೆ ಇರಲಿ. ಅವಳ ತಲೆಯ ಮೇಲೆ ಹಾರಿಸಿದರೆ ಕಿವಿ ಹಾಳಾಗುತ್ತದೆ. ನಿಮ್ಮ ಕಿವಿಗೂ ರಕ್ಷಣೆ ಇರಲಿ.

ಹೊಸಬರು ಮರೆಯುವ ಒಂದು ಸೂಕ್ಷ್ಮ ಇದೆ. ಪರೀಕ್ಷೆಯಲ್ಲಿ ನಾಯಿಗಳು ಜೋಡಿಯಾಗಿ ಓಡುತ್ತವೆ. ಪಕ್ಕದವರ ನಾಯಿ ಹಕ್ಕಿ ಕಂಡು ಅವರು ಗುಂಡು ಹಾರಿಸಿದಾಗ ನಿಮ್ಮವಳ ಮುಂದೆ ಹಕ್ಕಿ ಇರುವುದಿಲ್ಲ, ಬರೀ ಸದ್ದು ಇರುತ್ತದೆ. ಅಟ್ಟುವ ಅಮಲಿನಲ್ಲಿ ಮಾತ್ರ ಗುಂಡು ಕೇಳಿದ ನಾಯಿ ಆಗ ಬೆಚ್ಚಬಹುದು. ಕೊನೆಯ ನಾಲ್ಕು ವಾರದಲ್ಲಿ ಅವಳು ಸುಮ್ಮನೆ ಹುಡುಕಾಡುತ್ತಿರುವಾಗಲೂ ದೂರದಲ್ಲಿ ಆಗೊಮ್ಮೆ ಈಗೊಮ್ಮೆ ಸದ್ದಾಗಲಿ.

ಜೋಡಿಯ ಅಭ್ಯಾಸವೂ ಆಗಲೇ ನಡೆಯಬೇಕು. ಒಂಟಿಯಾಗಿ ಬೆಳೆದ ನಾಯಿಗೆ ಇನ್ನೊಂದು ನಾಯಿ ಎಂದರೆ ಆಟ. ಹದಿನೈದು ನಿಮಿಷವೂ ಅದರ ಬಾಲ ಹಿಡಿದು ಓಡಿದರೆ ಹುಡುಕಾಟಕ್ಕೂ ಹಕ್ಕಿ ಪತ್ತೆಗೂ ಅಂಕ ಹುಟ್ಟುವುದಿಲ್ಲ. ಬೇರೆ ಬೇರೆ ನಾಯಿಗಳ ಜೊತೆ ಐದಾರು ಸಲ ಬಿಡಿ. ಮೊದಲ ಎರಡು ಸಲ ಆಡಿಕೊಳ್ಳುತ್ತಾರೆ. ಆಮೇಲೆ ಬೇಸರವಾಗಿ ತಮ್ಮ ತಮ್ಮ ಕೆಲಸ ನೋಡಿಕೊಳ್ಳುತ್ತಾರೆ. ಜಡ್ಜ್‌ಗಳು ಎಷ್ಟೋ ಕಡೆ ಕುದುರೆ ಮೇಲೆ ಬರುತ್ತಾರೆ. ಕುದುರೆಯನ್ನೇ ಕಾಣದ ನಾಯಿ ಬೊಗಳುತ್ತಾ ಅದರ ಕಾಲ ಸುತ್ತ ಸುತ್ತುವುದು, ಇಲ್ಲವೇ ಬಾಲ ಮುದುರಿ ನಿಮ್ಮ ಹಿಂದೆ ನಿಲ್ಲುವುದು ಅಪರೂಪವಲ್ಲ. ಒಂದು ಲಾಯಕ್ಕೆ ಎರಡು ಸಲ ಕರೆದುಕೊಂಡು ಹೋಗಿ ಬನ್ನಿ, ಅಷ್ಟು ಸಾಕು.

ಕೊನೆಯ ಮೂರು ವಾರ ಲಾಂಚರ್ ಕಡಿಮೆ ಮಾಡಿ. ಅದರ ಪ್ಲಾಸ್ಟಿಕ್ಕು, ಲೋಹದ ವಾಸನೆಯನ್ನೇ ಹಕ್ಕಿ ಎಂದು ಓದುವ ನಾಯಿಗಳಿವೆ. ಪರೀಕ್ಷೆಯಲ್ಲಿ ಲಾವಕ್ಕಿ, ಚಕರ್ ಮುಂತಾದ ಹಕ್ಕಿಗಳನ್ನು ಹುಲ್ಲಿನಲ್ಲಿ ನೇರವಾಗಿ ಬಿಟ್ಟಿರುತ್ತಾರೆ, ಅವು ನಡೆಯುತ್ತವೆ, ಜಾಗ ಬದಲಿಸುತ್ತವೆ. ಚೆನ್ನಾಗಿ ಹಾರುವ, ಒಣ ರೆಕ್ಕೆಯ ಹಕ್ಕಿಗಳನ್ನೇ ತನ್ನಿ. ತಲೆ ರೆಕ್ಕೆಯಡಿ ಸಿಕ್ಕಿಸಿ ತಿರುಗಿಸಿ ಮಲಗಿಸಿದ ಹಕ್ಕಿ ಎದ್ದು ಹಾರಲು ತಡಮಾಡುತ್ತದೆ, ಅಷ್ಟರಲ್ಲಿ ಬಾಯಿಗೆ ಸಿಗುತ್ತದೆ. ಹಕ್ಕಿ ಬಿಡುವವರು ಗಾಳಿ ಬರುವ ಕಡೆಯಿಂದ ಹೊಲಕ್ಕೆ ಹೋಗಿ ಅದೇ ದಾರಿಯಲ್ಲಿ ಮರಳಲಿ. ಇಲ್ಲದಿದ್ದರೆ ಚುರುಕು ನಾಯಿ ಮನುಷ್ಯರ ಹೆಜ್ಜೆ ಜಾಡು ಹಿಡಿದು ಹಕ್ಕಿಯ ಹತ್ತಿರ ಹೋಗುವುದನ್ನು ಎರಡೇ ದಿನದಲ್ಲಿ ಕಲಿತುಬಿಡುತ್ತದೆ.

ಹಕ್ಕಿಯಿಲ್ಲದ ದಿನಗಳಲ್ಲಿ ಬರೀ ಓಟ. ಜೂನಿಯರ್ ಓಟ ಸಾಮಾನ್ಯವಾಗಿ 15ರಿಂದ 20 ನಿಮಿಷ. ಕೇಳಲು ಸಣ್ಣದು, ಆದರೆ ಬಿಸಿಲಿನಲ್ಲಿ ಪೂರ್ತಿ ಜೋರಿನಲ್ಲಿ ಓಡುವ ಎಳೆ ನಾಯಿ ಹತ್ತನೆಯ ನಿಮಿಷಕ್ಕೆ ಬಾಯಿ ತೆರೆದು ಏದುಸಿರು ಬಿಡುತ್ತದೆ. ಬಾಯಲ್ಲಿ ಉಸಿರಾಡುವ ನಾಯಿಯ ಮೂಗು ಅರ್ಧ ಕೆಲಸ ಮಾಡುತ್ತದೆ, ಹಕ್ಕಿಯ ಪಕ್ಕದಲ್ಲೇ ಹಾದುಹೋಗುತ್ತದೆ. ವಾರಕ್ಕೆ ಮೂರು ಸಲ ಅರ್ಧ ಗಂಟೆಯ ಬಯಲೋಟ ಇಟ್ಟುಕೊಳ್ಳಿ. ಆಗ ನೀವು ಕಲಿಯಬೇಕಾದದ್ದು ಸುಮ್ಮನಿರುವುದು. ನಡೆಯುತ್ತಾ ನೀವು ದಿಕ್ಕು ಬದಲಿಸಿದರೆ ಅವಳೂ ಬದಲಿಸಬೇಕು. ಬದಲಿಸದಿದ್ದರೆ ಒಂದು ಸೀಟಿ. ನಿಮಿಷಕ್ಕೆ ನಾಲ್ಕು ಸಲ ಸೀಟಿ ಊದುತ್ತಾ ನಾಯಿಯನ್ನು ಎತ್ತಿನಂತೆ ಹೂಡುವ ಹ್ಯಾಂಡ್ಲರನ್ನು ಕಂಡರೆ, ಈ ನಾಯಿ ತಾನಾಗಿ ಹುಡುಕುತ್ತಿಲ್ಲ ಎಂದು ಜಡ್ಜ್ ಬರೆದುಕೊಳ್ಳುತ್ತಾರೆ. ಗಾಳಿ ಬಂದಾಗ ತೂರಿಕೋ ಎಂಬ ಮಾತು ಇಲ್ಲಿ ಅಕ್ಷರಶಃ ಸರಿ: ಗಾಳಿ ಎದುರಿಗಿರುವ ತುಂಡು ಸಿಕ್ಕಾಗ ನಿಧಾನವಾಗಿ ನಡೆದು ಅವಳಿಗೆ ಅಡ್ಡಡ್ಡ ಓಡಲು ಸಮಯ ಕೊಡಿ.

ಪರೀಕ್ಷೆಯ ಹಿಂದಿನ ರಾತ್ರಿ ಸರಿಯಾಗಿ ಊಟ ಹಾಕಿ, ಬೆಳಿಗ್ಗೆ ತುಂಬು ಹೊಟ್ಟೆ ಬೇಡ. ಹೊಟ್ಟೆ ತುಂಬಿ ಓಡಿದರೆ ಎದೆಯಾಳದ ಈ ತಳಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ, ಅದು ಗಂಟೆಗಳಲ್ಲಿ ಜೀವ ತೆಗೆಯುವ ತೊಂದರೆ. ನೀರು ಮಾತ್ರ ಆಗಾಗ, ಸ್ವಲ್ಪ ಸ್ವಲ್ಪ. ಕಿತ್ತಳೆ ಬಣ್ಣದ ವೆಸ್ಟ್, ಸೀಟಿ, ಪಿಸ್ತೂಲು, ಬೇಕಾದ್ದಕ್ಕಿಂತ ಹೆಚ್ಚು ಬ್ಲಾಂಕು, ಸಾದಾ ಕಾಲರ್, ನೀರಿನ ಬಾಟಲಿ ನಿಮ್ಮ ಹತ್ತಿರ ಇರಲಿ. ವಿದ್ಯುತ್ ಕಾಲರ್ ಕಾರಿನಲ್ಲೇ ಇರಲಿ, ಪರೀಕ್ಷೆಯಲ್ಲಿ ಅದಕ್ಕೆ ಅವಕಾಶವಿಲ್ಲ. ನಿಯಮ ಪುಸ್ತಕದ ಈಗಿನ ಆವೃತ್ತಿಯನ್ನು ಎಕೆಸಿಯಿಂದ ಇಳಿಸಿಕೊಂಡು ಒಮ್ಮೆ ಪೂರ್ತಿ ಓದಿ. ಓಟಕ್ಕೆ ಅರ್ಧ ಗಂಟೆ ಮೊದಲು ಅವಳನ್ನು ಇಳಿಸಿ, ಮಲಮೂತ್ರ ಮುಗಿಯಲಿ.

ಬಿಟ್ಟ ಕ್ಷಣ ಅವಳು ಎಲ್ಲಿಗೋ ಧಾವಿಸುತ್ತಾಳೆ, ಓಡಲಿ ಬಿಡಿ. ಮೊದಲ ಎರಡು ನಿಮಿಷ ಬರೀ ಕೂಡಿಟ್ಟ ಹುಮ್ಮಸ್ಸು ಕಳೆಯುವುದು. ಪಾಯಿಂಟ್ ಕಂಡಾಗ ಕೈ ಎತ್ತಿ ‘ಪಾಯಿಂಟ್’ ಎಂದು ಕೂಗಿ ಜಡ್ಜ್‌ಗಳಿಗೆ ತಿಳಿಸಿ. ಓಡಬೇಡಿ. ಅಭ್ಯಾಸದ ಅದೇ ವೇಗ, ಅದೇ ಬಾಗಿದ ದಾರಿ. ಪಿಸ್ತೂಲನ್ನು ನಡೆಯುವಾಗಲೇ ಕೈಗೆ ತೆಗೆದುಕೊಳ್ಳಿ, ಹಕ್ಕಿ ಹಾರಿದ ಮೇಲೆ ಜೇಬು ತಡಕಾಡುವವರೇ ಹೆಚ್ಚು. ಹಾರಿತು, ಗುಂಡಾಯಿತು, ಅವಳು ಅಟ್ಟಿದಳು. ಒಂದಷ್ಟು ದೂರ ಹೋಗಲಿ, ಆಮೇಲೆ ಒಮ್ಮೆ ಕರೆಯಿರಿ. ಬಂದರೆ ಅದೇ ನಾಲ್ಕನೆಯ ವಿಷಯದ ಅಂಕ. ಸಿಕ್ಕ ಜಾಗಕ್ಕೇ ಮತ್ತೆ ಹೋಗಿ ಮೂಸುತ್ತಾ ನಿಂತರೆ ಕರೆದು ಬೇರೆ ದಿಕ್ಕಿಗೆ ನಡೆಯಿರಿ.

ಎಕೆಸಿ ಬದಲು ನ್ಯಾವ್ಡಾ, ಅಂದರೆ ನಾರ್ತ್ ಅಮೆರಿಕನ್ ವರ್ಸಟೈಲ್ ಹಂಟಿಂಗ್ ಡಾಗ್ ಅಸೋಸಿಯೇಶನ್‌ನ ನ್ಯಾಚುರಲ್ ಎಬಿಲಿಟಿ ಪರೀಕ್ಷೆಯನ್ನೂ ನೋಡಬಹುದು, ಬಹುಮಾನ ಬೇಕಾದರೆ ನಾಯಿ 16 ತಿಂಗಳೊಳಗಿರಬೇಕು. ಅಲ್ಲಿ ಒಟ್ಟು 112 ಅಂಕ. ಪ್ರತಿ ವಿಷಯಕ್ಕೂ ಗರಿಷ್ಠ 4, ಅದನ್ನು ಅದರ ತೂಕದಿಂದ ಗುಣಿಸುತ್ತಾರೆ: ಮೂಗಿಗೆ 6, ಹುಡುಕಾಟಕ್ಕೆ 5, ನೀರಿಗೆ 5, ಪಾಯಿಂಟಿಗೆ 4, ಕೆಲಸದ ಆಸೆಗೆ 4, ಜಾಡು ಹಿಡಿಯುವುದಕ್ಕೆ 2, ಸಹಕಾರಕ್ಕೆ 2. ನೀರಿಗೆ ಪಾಯಿಂಟಿಗಿಂತ ಹೆಚ್ಚು ತೂಕವಿದೆ ಎಂಬುದನ್ನು ಗಮನಿಸಿ. ಆ ದಾರಿ ಹಿಡಿಯುವುದಾದರೆ ಬೆಚ್ಚಗಿನ ದಿನಗಳಲ್ಲಿ ಈಜು, ಓಡಿಹೋದ ಫೆಸೆಂಟ್ ಹಕ್ಕಿಯ ಕಾಲ್ಜಾಡಿನ ಅಭ್ಯಾಸ ಎರಡನ್ನೂ ಸೇರಿಸಿಕೊಳ್ಳಬೇಕು. ಹಕ್ಕಿ, ಗುಂಡು, ಓಟದ ಪಾಠಗಳು ಎರಡಕ್ಕೂ ಒಂದೇ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಒಂಬತ್ತು ತಿಂಗಳ ಹೆಣ್ಣು ನಾಯಿ ಈ ಹನ್ನೆರಡು ವಾರದಲ್ಲಿ ಮೊದಲ ಬೆದೆಗೆ ಬರುವ ಸಾಧ್ಯತೆ ಚೆನ್ನಾಗಿಯೇ ಇದೆ. ಬೆದೆಯಲ್ಲಿರುವ ನಾಯಿಯನ್ನು ಓಡಿಸುವಂತಿಲ್ಲ. ಪ್ರವೇಶ ಶುಲ್ಕ ಕಟ್ಟುವ ಮೊದಲೇ, ಹಾಗಾದರೆ ಹಣ ಮರಳಿಸುತ್ತೀರಾ ಎಂದು ಪರೀಕ್ಷೆಯ ಕಾರ್ಯದರ್ಶಿಯನ್ನು ಕೇಳಿಟ್ಟುಕೊಳ್ಳಿ. ಎರಡು ತಿಂಗಳ ಆಚೆಗಿನ ಇನ್ನೊಂದು ಪರೀಕ್ಷೆಯ ದಿನಾಂಕವನ್ನೂ ಈಗಲೇ ಗುರುತು ಹಾಕಿಕೊಂಡಿರಿ.